ಪಾಳು ಗದ್ದೆ, ಖಾಲಿ ಮನೆ, ನಡುವೆ ಕಲೆ: ಜಪಾನಿನ ದ್ವೀಪಗಳಲ್ಲಿ ಆರು ದಿನ

ಆಲೂರು–ಸಕಲೇಶಪುರ ಕಡೆಯ ಯಾವುದಾದರೂ ಹಳ್ಳದ ಸಾಲಿನಲ್ಲಿ ಒಮ್ಮೆ ನಡೆದು ನೋಡಿ. ಮೇಲೆ ಕಾಫಿ ತೋಟ, ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಗದ್ದೆ. ತೋಟದಲ್ಲಿ ಗಿಡ ಇದೆ. ಗದ್ದೆಯಲ್ಲಿ ಜೊಂಡು ಇದೆ. ಕಾರಣ ಎಲ್ಲರಿಗೂ ಗೊತ್ತಿದ್ದದ್ದೇ. ನಾಟಿಗೆ ಆಳು ಸಿಗೋದಿಲ್ಲ. ತೆನೆ ಹಾಲುಗಟ್ಟುವ ಹೊತ್ತಿಗೆ ಸರಿಯಾಗಿ ಆನೆ ಬರುತ್ತದೆ. ಖರ್ಚಿನ ಲೆಕ್ಕ ಬರೆದರೆ ಅಂಗಡಿ ಅಕ್ಕಿಯೇ ಅಗ್ಗ. ಮಕ್ಕಳು ಬೆಂಗಳೂರು ಸೇರಿದ್ದಾರೆ. ಊರಿನ ಹತ್ತು ಮನೆಯಲ್ಲಿ ಮೂರಕ್ಕೆ ಬೀಗ.

ನಮ್ಮದೂ ಒಂದೂವರೆ ಎಕರೆ ಗದ್ದೆ ಹೀಗೇ ಒಂಬತ್ತು ವರ್ಷದಿಂದ ಬಿದ್ದಿತ್ತು. ಅದರ ತಲೆಯಲ್ಲಿ ಒಂದು ಒರತೆ ಇದೆ. ಏಪ್ರಿಲ್‌ನಲ್ಲೂ ಬತ್ತುವುದಿಲ್ಲ. ಹೋದ ವರ್ಷ ಒಬ್ಬರು ಬಂದು ಆ ಗದ್ದೆಯನ್ನು ರೆಸಾರ್ಟಿಗೆ ಕೇಳಿದರು. ಒರತೆ ಇರುವುದರಿಂದಲೇ ಅವರಿಗೆ ಆಸೆ. “ಉಳದ ಗದ್ದೆ ಇಟ್ಕೊಂಡು ಏನ್ಮಾಡೋದು, ಕೊಟ್ಬಿಡಾಣ” ಅಂತ ನಮ್ಮನೆಯವರು. ಒರತೆ ಹೋದರೆ ಕೆಳಗಿನ ಎರಡು ಮನೆಯವರ ಗತಿಯೇನು ಅಂತ ನಾನು. ಮಾತು ಅಲ್ಲಿಗೇ ನಿಂತಿತ್ತು.

ಇಂಥ ಹೊತ್ತಲ್ಲಿ ಮಗಳು ಜಪಾನಿಗೆ ಕರೆಸಿಕೊಂಡಳು. ಅಳಿಯನ ಕೆಲಸ ಒಸಾಕದಲ್ಲಿ. 2025ರ ಮೇ ತಿಂಗಳು. ಬ್ಲಾಸಮ್ ಮಳೆ, ಬ್ಯಾಕಿಂಗ್ ಮಳೆ ಎರಡೂ ಮುಗಿದಿತ್ತು. ಮುಂಗಾರು ಹಿಡಿಯುವ ತನಕ ತೋಟಕ್ಕೆ ನಮ್ಮ ಅಗತ್ಯ ಅಷ್ಟಿರಲಿಲ್ಲ. ನಾವಿಬ್ಬರು, ಮಗಳು, ಅಳಿಯ, ಒಂಬತ್ತು ವರ್ಷದ ಮೊಮ್ಮಗ – ಐದು ಜನ. “ದೇವಸ್ಥಾನ, ಬುಲೆಟ್ ರೈಲು ಎಲ್ಲರೂ ನೋಡ್ತಾರೆ. ನಿಮಗೆ ಬೇರೆ ಏನೋ ತೋರಿಸ್ತೀನಿ ಅತ್ತೆ” ಅಂದ ಅಳಿಯ. ಕರೆದುಕೊಂಡು ಹೋದದ್ದು ಕಲೆ ನೋಡಲಿಕ್ಕೆ. ನಾವು ಅಲ್ಲಿ ಹೆಚ್ಚು ನೋಡಿದ್ದು ಗದ್ದೆ, ನೀರು ಮತ್ತು ವಯಸ್ಸಾದ ರೈತರನ್ನು.

ಎಲ್ಲಿವೆ ಈ ದ್ವೀಪಗಳು?

ಜಪಾನಿನ ದೊಡ್ಡ ಭೂಭಾಗ ಹೊನ್ಶು. ಅದರ ದಕ್ಷಿಣಕ್ಕೆ ಶಿಕೊಕು. ಇವೆರಡರ ನಡುವೆ ಸಿಕ್ಕಿಕೊಂಡಿರುವ ಒಳಗಡಲಿಗೆ ಸೆತೊ ಎಂದು ಹೆಸರು. 1934ರಲ್ಲೇ ಇದನ್ನು ರಾಷ್ಟ್ರೀಯ ಉದ್ಯಾನ ಎಂದು ಸಾರಿದ್ದಾರೆ. ಅಲೆ ಕಡಿಮೆ, ಕೆರೆಯ ಹಾಗೆ ಕಾಣುತ್ತದೆ. ಅದರ ತುಂಬ ಸಣ್ಣ ಸಣ್ಣ ಗುಡ್ಡದ ದ್ವೀಪಗಳು. ಅವರ ಭಾಷೆಯಲ್ಲಿ ‘ಶಿಮ’ ಅಂದರೆ ದ್ವೀಪ. ನವೊಶಿಮ, ತೆಶಿಮ, ಒಗಿಜಿಮ, ಶೊದೊಶಿಮ ನಾವು ನೋಡಿದ ನಾಲ್ಕು.

ಈ ದ್ವೀಪಗಳಲ್ಲಿ 2010ರಿಂದ ಮೂರು ವರ್ಷಕ್ಕೊಮ್ಮೆ ಸೆತೊಉಚಿ ಕಲಾ ಉತ್ಸವ ನಡೆಯುತ್ತದೆ. 2025ರದ್ದು ಆರನೆಯದು. ಅದರ ವಸಂತದ ಕಂತು ಏಪ್ರಿಲ್ 18ರಿಂದ ಮೇ 25ರವರೆಗೆ ಇತ್ತು. ಕಲೆ ಅಂದ ಕೂಡಲೇ ಗೋಡೆಗೆ ತೂಗುಹಾಕಿದ ಚಿತ್ರ ಅಂದುಕೊಳ್ಳಬೇಡಿ. ಇಲ್ಲಿ ಒಂದು ಹಳೇ ಮನೆಯೇ ಕಲೆ. ಗದ್ದೆ ನಡುವಿನ ಒಂದು ಚಿಪ್ಪು ಕಲೆ. ಅಜ್ಜಿಯರು ತಳ್ಳುವ ಗಾಡಿಯೂ ಕಲೆ.

ಇಷ್ಟೊಂದು ಕಲೆ ಈ ಮೂಲೆಗೆ ಯಾಕೆ ಬಂತು? ಉತ್ತರ ನಮಗೆ ಹತ್ತಿರದ್ದೇ. ಊರು ಖಾಲಿಯಾಗುತ್ತಿತ್ತು.

ನವೊಶಿಮ: ಹೊಗೆಯ ಊರಿನಿಂದ ಕುಂಬಳಕಾಯಿಯ ಊರಿಗೆ

ನವೊಶಿಮ ಸುಮಾರು ಎಂಟು ಚದರ ಕಿಲೋಮೀಟರ್. ಅಂದರೆ ಎರಡು ಸಾವಿರ ಎಕರೆಯ ಹತ್ತಿರ. ನಮ್ಮ ಕಡೆಯ ನಾಲ್ಕಾರು ದೊಡ್ಡ ಎಸ್ಟೇಟು ಸೇರಿದರೆ ಅಷ್ಟಾಗುತ್ತದೆ. ಇದರ ಉತ್ತರ ತುದಿಯಲ್ಲಿ 1917ರಲ್ಲಿ ಮಿತ್ಸುಬಿಶಿ ಕಂಪೆನಿ ತಾಮ್ರ ಕರಗಿಸುವ ಕಾರ್ಖಾನೆ ಹಾಕಿತು. ಕೆಲಸ ಸಿಕ್ಕಿತು. ಅದರ ಜೊತೆಗೆ ಹೊಗೆಯೂ ಬಂತು. ಹೊಗೆಗೆ ಆ ಕಡೆಯ ಗುಡ್ಡದ ಮರಗಳು ಒಣಗಿದವು. ಒಂದು ಕಾಲಕ್ಕೆ ಎಂಟು ಸಾವಿರದ ಹತ್ತಿರ ಇದ್ದ ಜನ ಈಗ ಮೂರು ಸಾವಿರದ ಆಸುಪಾಸು.

1985ರಲ್ಲಿ ಆಗಿನ ಮೇಯರ್ ಚಿಕತ್ಸುಗು ಮಿಯಾಕೆ ಅವರೂ, ಒಕಯಾಮದ ಪ್ರಕಾಶನ ಸಂಸ್ಥೆಯೊಂದರ ಸ್ಥಾಪಕ ತೆತ್ಸುಹಿಕೊ ಫುಕುತಾಕೆ ಅವರೂ ಮಾತಾಡಿಕೊಂಡರು. ದ್ವೀಪದ ದಕ್ಷಿಣ ಭಾಗವನ್ನು ಚೊಕ್ಕಟವಾಗಿ ಉಳಿಸಿ ಮಕ್ಕಳಿಗೆ ಶಿಬಿರ ಮಾಡುವುದೆಂದು ಯೋಚನೆ. ಮರುವರ್ಷ ಫುಕುತಾಕೆ ತೀರಿಕೊಂಡರು. ಮಗ ಸೊಯಿಚಿರೊ ಮುಂದುವರಿಸಿದರು. 1989ರಲ್ಲಿ ಶಿಬಿರ, 1992ರಲ್ಲಿ ಮೊದಲ ಕಲಾಭವನ, 2004ರಲ್ಲಿ ನೆಲದೊಳಗೆ ಹುದುಗಿಸಿ ಕಟ್ಟಿದ ಚಿಚು ಮ್ಯೂಸಿಯಂ. ಮೂರಕ್ಕೂ ತದಾವೊ ಆಂದೊ ಎಂಬ ವಾಸ್ತುಶಿಲ್ಪಿಯ ಕೈ ಇದೆ. ಗುಡ್ಡದ ಮೇಲೆ ಕಟ್ಟಡ ಎದ್ದು ಕಾಣಬಾರದು ಎಂದು ಚಿಚುವನ್ನು ಮಣ್ಣಿನ ಕೆಳಗೆ ಇಳಿಸಿದ್ದಾರೆ. ಮೇಲಿನಿಂದ ಬೆಳಕು ಬೀಳುತ್ತದೆ, ಅಷ್ಟೇ. ಮಂಜರಾಬಾದ್ ಕೋಟೆ ಎದುರಿನ ಗುಡ್ಡಗಳ ನೆತ್ತಿಯ ಮೇಲೆ ಎದ್ದಿರುವ ಕಟ್ಟಡಗಳು ನೆನಪಿಗೆ ಬಂದವು.

ಸಮುದ್ರದ ಕಟ್ಟೆ ತುದಿಯಲ್ಲಿ ಒಂದು ಹಳದಿ ಕುಂಬಳಕಾಯಿ ಕೂತಿದೆ. ಆಳೆತ್ತರ ಮೀರಿದ್ದು, ಮೈತುಂಬ ಕಪ್ಪು ಚುಕ್ಕಿ. ಮಾಡಿದವರು ಯಯೊಯಿ ಕುಸಾಮ. 1929ರಲ್ಲಿ ಹುಟ್ಟಿದ ಹೆಂಗಸು. ಅವರ ತವರಿನವರದ್ದು ಬಿತ್ತನೆ ಬೀಜ, ಸಸಿಗಳ ವ್ಯಾಪಾರವಂತೆ. ಇದನ್ನು ಕೇಳಿದ ಮೇಲೆ ಕುಂಬಳಕಾಯಿ ಯಾಕೆ ಅಂತ ನಾನು ಕೇಳಲಿಲ್ಲ. 1994ರಿಂದ ಅಲ್ಲಿದ್ದ ಕಾಯಿಯನ್ನು 2021ರ ಆಗಸ್ಟಿನ ಚಂಡಮಾರುತ ಕೊಚ್ಚಿಕೊಂಡು ಹೋಯಿತು. 2022ರ ಅಕ್ಟೋಬರಿನಲ್ಲಿ ಹೊಸದನ್ನು ಅದೇ ಜಾಗದಲ್ಲಿ ಕೂರಿಸಿದರು.

ನನಗೆ ಹಿಡಿಸಿದ್ದು ಹೊನ್ಮುರ ಎಂಬ ಹಳೇ ಊರು. ಬೀಗ ಬಿದ್ದ ಮನೆಗಳನ್ನು ಕೆಡವದೆ, ಒಂದೊಂದನ್ನು ಒಬ್ಬೊಬ್ಬ ಕಲಾವಿದನಿಗೆ ಕೊಟ್ಟಿದ್ದಾರೆ. ಮೊದಲ ಮನೆ ‘ಕದೊಯ’ 1998ರದ್ದು. ಒಳಗೆ ಕತ್ತಲೆ. ನೆಲದ ಜಾಗದಲ್ಲಿ ನೀರು. ನೀರೊಳಗೆ ಸಣ್ಣ ಸಣ್ಣ ಅಂಕಿಗಳು ಮಿನುಗುತ್ತವೆ. ಒಟ್ಟು 125. ಒಂದರಿಂದ ಒಂಬತ್ತರ ತನಕ ಓಡುತ್ತವೆ, ಮತ್ತೆ ಒಂದು. ಕೆಲವು ಸರಸರ, ಕೆಲವು ಆಮೆಯ ಹಾಗೆ. ಮಾಡಿದವರು ತತ್ಸುವೊ ಮಿಯಾಜಿಮ. ಆದರೆ ಯಾವ ಅಂಕಿ ಎಷ್ಟು ವೇಗ ಓಡಬೇಕು ಅಂತ ತೀರ್ಮಾನಿಸಿದ್ದು ಅವರಲ್ಲ. ದ್ವೀಪದ 125 ಜನ, ಐದು ವರ್ಷದ ಮಗುವಿನಿಂದ 95ರ ಮುದುಕರ ತನಕ, ತಲೆಗೊಂದರಂತೆ ಹೊಂದಿಸಿದರು. ಊರವರಿಗೆ ಆ ಮನೆ ‘ಅವರ ಕಲೆ’ಯಿಂದ ‘ನಮ್ಮದು’ ಆದದ್ದು ಹೀಗೆ. ಮೊಮ್ಮಗ ಅಲ್ಲಿಂದ ಏಳಲೇ ಇಲ್ಲ. “ಅಜ್ಜೀ, ಆ ನಿಧಾನದ್ದು ತಾತಂದು” ಅಂದ.

ತೆಶಿಮ: ಎರೆಹುಳದ ಹೆಸರಲ್ಲಿ ಬಂದ ವಿಷ

ತೆಶಿಮದ ಹೆಸರಿನ ಅಕ್ಷರಗಳಿಗೆ ‘ಸಮೃದ್ಧಿಯ ದ್ವೀಪ’ ಎಂದು ಅರ್ಥ. ಹದಿನಾಲ್ಕೂವರೆ ಚದರ ಕಿಲೋಮೀಟರ್. ಅಕ್ಕಪಕ್ಕದ ದ್ವೀಪಗಳಲ್ಲಿ ಕುಡಿಯಲೂ ನೀರಿಗೆ ತತ್ವಾರ ಇದ್ದಾಗ ಇಲ್ಲಿ ಗುಡ್ಡದಿಂದ ಒರತೆ. ಹಾಗಾಗಿ ಗದ್ದೆ, ಹಾಲು, ಮೀನು ಎಲ್ಲ ಇತ್ತು.

ಇಲ್ಲಿಗೆ ಒಂದು ಕಂಪೆನಿ ಬಂತು. ಅಪಾಯದ ಕಸ ಹಾಕಲು ಅನುಮತಿ ಕೇಳಿದಾಗ ಊರವರು ವಿರೋಧಿಸಿದರು. ಆಮೇಲೆ 1978ರಲ್ಲಿ ಅನುಮತಿ ಸಿಕ್ಕಿದ್ದು ಯಾತಕ್ಕೆ ಗೊತ್ತೇ? ಎರೆಹುಳ ಸಾಕಲಿಕ್ಕೆ! ಮರದ ಚೂರು, ಆಹಾರ ಕಾರ್ಖಾನೆಯ ಗಸಿ ತಂದು ಎರೆಹುಳಕ್ಕೆ ಹಾಕುತ್ತೇವೆ ಅಂದರು. ತಂದದ್ದು ಹಳೇ ಕಾರುಗಳನ್ನು ಅರೆದ ಪುಡಿ, ಕೆಟ್ಟ ಎಣ್ಣೆ, ಕಾರ್ಖಾನೆಯ ಕೊಳೆ. ಬಯಲಲ್ಲೇ ಸುಟ್ಟರು. ಊರವರ ದೂರನ್ನು ವರ್ಷಗಟ್ಟಲೆ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 1990ರ ನವೆಂಬರಿನಲ್ಲಿ ಪಕ್ಕದ ಹ್ಯೋಗೊ ಪ್ರಾಂತದ ಪೊಲೀಸರು ದಾಳಿ ಮಾಡಿದ ಮೇಲೆ ಅದು ನಿಂತಿತು. ಕಸ ಮಾತ್ರ ಅಲ್ಲೇ ಉಳಿಯಿತು. ಅಷ್ಟು ಹೊತ್ತಿಗೆ ‘ಕಸದ ದ್ವೀಪ’ ಎಂದು ಹೆಸರು ಬಿದ್ದಿತ್ತು.

1993ರಲ್ಲಿ ಊರವರು ಒಟ್ಟಾಗಿ ಸರ್ಕಾರದ ಮಧ್ಯಸ್ಥಿಕೆಗೆ ಅರ್ಜಿ ಹಾಕಿದರು. ಕೊಹೈ ನಕಾಬೊ ಎಂಬ ವಕೀಲರು ಜೊತೆ ನಿಂತರು. ವಯಸ್ಸಾದವರೇ ಹಡಗು ಹತ್ತಿ ಹೋಗಿ ತಿಂಗಳುಗಟ್ಟಲೆ ಪ್ರಾಂತ ಕಚೇರಿಯ ಮುಂದೆ ನಿಂತರು. 2000ದ ಜೂನ್ 6ರಂದು ಒಪ್ಪಂದ ಆಯಿತು. ಪ್ರಾಂತದ ಗವರ್ನರ್ ಊರವರ ಮುಂದೆ ಕ್ಷಮೆ ಕೇಳಿದರು. ಕಸವನ್ನು ಅಗೆದು, ಹಡಗಿನಲ್ಲಿ ನವೊಶಿಮಕ್ಕೆ ಸಾಗಿಸಿ, ಅಲ್ಲಿ ಕರಗಿಸುವ ಕೆಲಸ 2003ರಿಂದ 2017ರವರೆಗೆ ನಡೆಯಿತು. ಒಟ್ಟು ಕಸ ಸುಮಾರು ಒಂಬತ್ತು ಲಕ್ಷ ಟನ್. ನೆಲದೊಳಗಿನ ನೀರು ಶುದ್ಧ ಮಾಡುವ ಕೆಲಸ ಅದಾದ ಮೇಲೂ ವರ್ಷಗಟ್ಟಲೆ ಹಿಡಿಯಿತು. ತಂದು ಸುರಿಯುವುದಕ್ಕೆ ಹನ್ನೆರಡು ವರ್ಷ. ತೆಗೆಯುವುದಕ್ಕೆ ಅದಕ್ಕಿಂತ ಹೆಚ್ಚು.

“ಒಂದ್ ಸಲ ನೆಲ ಕೈ ಬಿಟ್ರೆ ಯಾರ್ ಏನ್ ತಂದ್ ಹಾಕ್ತಾರೋ ಹೇಳಕ್ಕಾಗಲ್ಲ” ಅಂದರು ನಮ್ಮನೆಯವರು. ಆವತ್ತು ಅವರು ಬೇರೆ ಏನೂ ಹೇಳಲಿಲ್ಲ.

ಗದ್ದೆ ನಡುವಿನ ಚಿಪ್ಪು

ಇದೇ ದ್ವೀಪದ ಇನ್ನೊಂದು ಕಡೆ ಕರಾತೊ ಎಂಬ ಊರು. ಗುಡ್ಡದಿಂದ ಕಡಲಿನ ತನಕ ಮೆಟ್ಟಿಲು ಗದ್ದೆ. ಬೇಸಾಯಗಾರರಿಗೆ ವಯಸ್ಸಾಗಿ ಬಹಳಷ್ಟು ಮಡಿಗಳು ಪಾಳು ಬಿದ್ದಿದ್ದವು. 2010ರ ಅಕ್ಟೋಬರಿನಲ್ಲಿ ಇಲ್ಲಿ ತೆಶಿಮ ಆರ್ಟ್ ಮ್ಯೂಸಿಯಂ ತೆರೆಯಿತು. ಕಟ್ಟಡದ ಜೊತೆಗೇ ಸುತ್ತಲಿನ ಗದ್ದೆಯನ್ನು ಊರವರ ಕೂಡೆ ಸೇರಿ ಮತ್ತೆ ಹಸನು ಮಾಡಿದರು. ಕಲೆ ಬಂದದ್ದರಿಂದ ಗದ್ದೆ ಉಳಿಯಿತೋ, ಗದ್ದೆ ಇದ್ದದ್ದರಿಂದ ಕಲೆ ಚೆಂದ ಕಂಡಿತೋ ಹೇಳುವುದು ಕಷ್ಟ. ನಾವು ಹೋದಾಗ ಕೆಲವು ಮಡಿಗಳಲ್ಲಿ ನೀರು ನಿಲ್ಲಿಸಿದ್ದರು. ಬದುವಿನ ಹುಲ್ಲು ಸವರಿತ್ತು. ಕಪ್ಪೆ ಕೂಗುತ್ತಿತ್ತು.

ಮ್ಯೂಸಿಯಂ ಅಂದರೆ ಒಂದು ಬಿಳಿ ಕಾಂಕ್ರೀಟ್ ಚಿಪ್ಪು. ಉದ್ದ 60 ಮೀಟರ್, ಅಗಲ 40 ಮೀಟರ್. ಎತ್ತರ ಮಾತ್ರ ನಾಲ್ಕೂವರೆ ಮೀಟರ್. ದಪ್ಪ 25 ಸೆಂಟಿಮೀಟರ್. ಒಳಗೆ ಒಂದೂ ಕಂಬ ಇಲ್ಲ. ಹೇಗೆ ಕಟ್ಟಿದರು? ಇದು ರೈತರಿಗೆ ಕೂಡಲೇ ಅರ್ಥವಾಗುವ ಉಪಾಯ. ಮೊದಲು ಮಣ್ಣು ಗುಡ್ಡೆ ಹಾಕಿದರು. ಆ ಗುಡ್ಡೆಯನ್ನು ಬೇಕಾದ ಆಕಾರಕ್ಕೆ ತಟ್ಟಿದರು. ಮೇಲೆ ಕಬ್ಬಿಣ ಕಟ್ಟಿ ಕಾಂಕ್ರೀಟ್ ಸುರಿದರು. ಗಟ್ಟಿಯಾದ ಮೇಲೆ ಒಳಗಿನ ಮಣ್ಣನ್ನು ತೋಡಿ ಹೊರಗೆ ಹಾಕಿದರು. ಹಲಗೆಯ ಸೆಂಟ್ರಿಂಗ್ ಬದಲಿಗೆ ಮಣ್ಣೇ ಸೆಂಟ್ರಿಂಗ್. ವಾಸ್ತುಶಿಲ್ಪಿ ರ್‍ಯೂಯೆ ನಿಶಿಜಾವ.

ಒಳಗೆ ಏನಿದೆ? ನೀರು. ಅಷ್ಟೇ. ರೇಯಿ ನೈತೊ ಎಂಬ ಕಲಾವಿದೆಯ ಕೆಲಸ. ನೆಲದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳು. ಅಲ್ಲಿಂದ ಹನಿ ಏಳುತ್ತದೆ. ಹನಿ ಕೆಸುವಿನ ಎಲೆಯ ಮೇಲಿನ ಹಾಗೆ ಮುದುರಿಕೊಂಡು ಉರುಳುತ್ತದೆ. ಇನ್ನೊಂದು ಹನಿಗೆ ಸೇರುತ್ತದೆ. ದೊಡ್ಡದಾಗಿ ಓಡುತ್ತದೆ. ಕೊನೆಗೆ ತಗ್ಗಿನಲ್ಲಿ ಮಡುವಾಗುತ್ತದೆ. ಚಾವಣಿಯಲ್ಲಿ ಎರಡು ದೊಡ್ಡ ಕಂಡಿ. ಗಾಜಿಲ್ಲ. ಗಾಳಿ, ಮಳೆ, ಹುಳು, ಎಲೆ ಎಲ್ಲ ಒಳಗೆ ಬರುತ್ತವೆ. ಚಪ್ಪಲಿ ಕಳಚಿ ಒಳಗೆ ಹೋಗಬೇಕು. ಫೋಟೋ ತೆಗೆಯುವಂತಿಲ್ಲ. ಜೋರಾಗಿ ಮಾತಾಡುವಂತಿಲ್ಲ.

ಹತ್ತು ನಿಮಿಷದಲ್ಲಿ ಹೊರಡೋಣ ಅಂದುಕೊಂಡವರು ಒಂದು ಗಂಟೆ ಕೂತೆವು. ಇಷ್ಟು ದುಡ್ಡು ಕೊಟ್ಟು ನೋಡುತ್ತಿರುವುದು ಒರತೆಯನ್ನು ಎಂದು ನಗುವೂ ಬಂತು. ಆದರೆ ನಮ್ಮ ಗದ್ದೆಯ ತಲೆಯಲ್ಲಿರುವ ಒರತೆಯ ಮುಂದೆ ನಾನು ಹೀಗೆ ಒಂದು ದಿನವೂ ಕೂತಿರಲಿಲ್ಲ. ಅಲ್ಲಿ ಕೊಡ ತುಂಬಿಸಿದ್ದೇನೆ, ಕಾಲು ತೊಳೆದಿದ್ದೇನೆ, ಕೆಸರು ಎತ್ತಿದ್ದೇನೆ. ಸುಮ್ಮನೆ ನೋಡಿದ್ದಿಲ್ಲ.

ಊರ ನಡುವೆ ನಿಜವಾದ ಒರತೆಯೂ ಇದೆ. ‘ಕರಾತೊ ನೊ ಶಿಮಿಜು’ ಎಂದು ಹೆಸರು. ಕಲ್ಲು ಕಟ್ಟಿದ ತೊಟ್ಟಿ, ಪಕ್ಕದಲ್ಲಿ ದೇವರು. ಅಲ್ಲಿನ ನೀರು ಹರಿದು ಕೆಳಗಿನ ಗದ್ದೆಗೆ ಹೋಗುತ್ತದೆ. ಕಾಲುವೆ ಚೊಕ್ಕಟ. ನಮ್ಮ ಊರ ಮೇಲಿನ ಜೌಗಿನ ಹಾಗೇ ಇದೆ, ಕಸ ಮಾತ್ರ ಇಲ್ಲ.

ಊರ ಹೆಂಗಸರ ಅಡುಗೆಮನೆ

ಒರತೆಯ ಹತ್ತಿರವೇ ‘ಶಿಮ ಕಿಚನ್’. ಬೀಗ ಬಿದ್ದಿದ್ದ ಒಂದು ಹಳೇ ಮನೆ. 2010ರಲ್ಲಿ ರ್‍ಯೊ ಆಬೆ ಎಂಬ ವಾಸ್ತುಶಿಲ್ಪಿ ಅದಕ್ಕೆ ಸುತ್ತ ಜಗಲಿಯ ಹಾಗೆ ಮಾಡು ಇಳಿಸಿದರು. ಅಡುಗೆ ಮಾಡುವವರು ಊರಿನ ಹೆಂಗಸರು. ತೋಕಿಯೊದ ಹೋಟೆಲಿನ ಅಡುಗೆಯವರು ಬಂದು ಬಡಿಸುವ ರೀತಿ, ಹೊಸ ರುಚಿ ಹೇಳಿಕೊಟ್ಟರಂತೆ. ಸಾಮಾನು ಮಾತ್ರ ದ್ವೀಪದ್ದು: ಅಲ್ಲಿಯ ಅಕ್ಕಿ, ತರಕಾರಿ, ಮೀನು. ಆಯಾ ತಿಂಗಳು ಹುಟ್ಟಿದವರಿಗೆಲ್ಲ ಸೇರಿಸಿ ಹುಟ್ಟುಹಬ್ಬವನ್ನೂ ಇಲ್ಲಿ ಮಾಡುತ್ತಾರೆ. ಪ್ರವಾಸಿಗಳು ಬರದ ದಿನವೂ ಊರಿಗೆ ಆ ಮನೆ ಬೇಕು ಅಂತ ಇದಕ್ಕೆ ಅರ್ಥ.

ನಮ್ಮ ಕಡೆ ಹೋಂಸ್ಟೇಗಳು ಹೆಚ್ಚಿವೆ. ತಪ್ಪಲ್ಲ. ಆದರೆ ತಟ್ಟೆಯಲ್ಲಿ ಏನಿರುತ್ತದೆ? ಗೋಬಿ ಮಂಚೂರಿ. ಕಡುಬು, ಅಕ್ಕಿರೊಟ್ಟಿ, ಕಳಲೆ ಪಲ್ಯ ಎಲ್ಲಾದರೂ ಒಂದು ಕಡೆ. ಅಕ್ಕಿ ಹೊರಗಿನದು. ಬಡಿಸುವವರೂ ಹೊರಗಿನವರು. ಹಾಗಾದರೆ ಪ್ರವಾಸಿ ಬಂದರೆ ಊರ ಗದ್ದೆಗೆ ಏನು ಲಾಭ?

ಅಜ್ಜಿಯರ ಗಾಡಿ, ತೆರೆದ ಶಾಲೆ

ಒಗಿಜಿಮ ಇನ್ನೂ ಚಿಕ್ಕದು. ನೂರೈವತ್ತರ ಆಸುಪಾಸು ಜನ. ಗುಡ್ಡದ ಮೈಗೆ ಅಂಟಿದ ಮನೆಗಳು, ಕಡಿದಾದ ಓಣಿ, ಕಾರು ಹೋಗುವುದಿಲ್ಲ. ವಯಸ್ಸಾದ ಹೆಂಗಸರು ‘ಒಂಬ’ ಎಂಬ ನಾಲ್ಕು ಗಾಲಿಯ ಗಾಡಿ ತಳ್ಳಿಕೊಂಡು ಓಡಾಡುತ್ತಾರೆ. ತರಕಾರಿ, ಗ್ಯಾಸು, ಮೀನು ಎಲ್ಲ ಅದರಲ್ಲೇ. 2010ರಲ್ಲಿ ಕೆಲವು ಕಲಾವಿದರು ಈ ಗಾಡಿಗಳನ್ನು ರಿಪೇರಿ ಮಾಡಿ, ಯಜಮಾನಿ ಕೇಳಿದ ಹಾಗೆ ಬಣ್ಣ ಹಚ್ಚಿ ಕೊಟ್ಟರು. ಕಲೆ ಅಂತ ನಿಲ್ಲಿಸಿಡಲಿಲ್ಲ. ಗಾಡಿ ಈಗಲೂ ಕೆಲಸ ಮಾಡುತ್ತದೆ. ನನಗೆ ಎಲ್ಲಕ್ಕಿಂತ ಇದು ಸರಿ ಅನ್ನಿಸಿತು.

ಇಲ್ಲಿನ ಶಾಲೆ ಮಕ್ಕಳಿಲ್ಲದೆ ಮುಚ್ಚಿತ್ತು. ಉತ್ಸವದ ನೆವದಲ್ಲಿ ಊರಿಗೆ ಬಂದುಹೋದ ಕೆಲವು ಸಂಸಾರಗಳು ‘ಶಾಲೆ ತೆರೆದರೆ ನಾವು ವಾಪಸು ಬರುತ್ತೇವೆ’ ಅಂದವು. ಸಹಿ ಸಂಗ್ರಹಿಸಿದರು. 2014ರಲ್ಲಿ ಬೆರಳೆಣಿಕೆಯ ಮಕ್ಕಳೊಂದಿಗೆ ಶಾಲೆ ಮತ್ತೆ ತೆರೆಯಿತು. 2016ರಲ್ಲಿ ಒಂದು ಹಳೇ ಮನೆ ಗ್ರಂಥಾಲಯ ಆಯಿತು. ಎಷ್ಟೋ ಕಡೆ ಮುಚ್ಚಿದ ಶಾಲೆ ಮುಚ್ಚಿದ್ದೇ. ಇಲ್ಲಿ ತೆರೆಯಿತು ಅನ್ನುವುದೇ ದೊಡ್ಡ ಮಾತು.

ಶೊದೊಶಿಮ: ಬಿದಿರು, ಪಂಜು, ಹಂದಿ

ಇದು ದೊಡ್ಡ ದ್ವೀಪ, ಸುಮಾರು 153 ಚದರ ಕಿಲೋಮೀಟರ್. 1908ರಿಂದ ಆಲಿವ್ ಬೆಳೆಯುತ್ತಾರೆ. ಸೋಯಾ ಸಾಸ್, ಶಾವಿಗೆ ಇಲ್ಲಿಯ ಹಳೇ ಕಸುಬು. ನಕಯಾಮ ಎಂಬ ಊರಲ್ಲಿ ಸುಮಾರು ಎಂಟುನೂರು ಮೆಟ್ಟಿಲು ಮಡಿಗಳಿವೆ. ತೈವಾನಿನ ವಾಂಗ್ ವೆನ್-ಚಿ ಎಂಬವರು ಉತ್ಸವದ ವರ್ಷಗಳಲ್ಲಿ ಈ ಕಣಿವೆಗೆ ಬಂದು, ಊರವರ ಜೊತೆ ನಾಲ್ಕು ಸಾವಿರದಷ್ಟು ಬಿದಿರು ಕಡಿದು, ನೇಯ್ದು ಗುಮ್ಮಟದಂಥ ಮನೆ ಕಟ್ಟುತ್ತಾರೆ. ದೊಡ್ಡ ಕುಕ್ಕೆ ಬೋರಲು ಹಾಕಿದ ಹಾಗಿರುತ್ತದೆ. ಅಲ್ಲಿ ಬಿದಿರು ಬೆಳೆದು ಗದ್ದೆ ಮೇಲೆ ಬೀಳುವುದೇ ತೊಂದರೆ. ಕಡಿದದ್ದು ಊರಿಗೂ ಉಪಕಾರ.

ಜುಲೈ ಮೊದಲಲ್ಲಿ ಈ ಗದ್ದೆಗಳಲ್ಲಿ ಪಂಜು ಹಿಡಿದು ಸಾಲಾಗಿ ಬದುವಿನ ಮೇಲೆ ನಡೆಯುತ್ತಾರೆ. ಪೈರಿನ ಹುಳ ಓಡಿಸುವ ಹಳೇ ಆಚರಣೆ. ‘ಮುಶಿ ಒಕುರಿ’ ಎನ್ನುತ್ತಾರೆ. ದೀಪಾವಳಿಗೆ ಗದ್ದೆ ಬದುವಿಗೆ ದೀಪ ಇಟ್ಟವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಅಲ್ಲಿ ಆನೆ ಇಲ್ಲ. ಆದರೆ ಕಾಡುಹಂದಿ ಇದೆ. ಅದೂ ಕಡಲು ಈಜಿಕೊಂಡು ಬಂದದ್ದು! ಬದುವಿನ ಸುತ್ತ ಬೇಲಿ. “ನೋಡು, ಇವ್ರೂ ನಮ್ಮಂಗೇ” ಅಂದರು ನಮ್ಮನೆಯವರು. ಭಾಷೆ ಬರದಿದ್ದರೂ ಒಬ್ಬ ಹಿರಿಯ ರೈತರೂ ಇವರೂ ಬೇಲಿಯ ತಂತಿ ಮುಟ್ಟಿ ಮುಟ್ಟಿ ಅರ್ಧ ಗಂಟೆ ‘ಮಾತಾಡಿದರು’.

ಒಪ್ಪಿಗೆ ಮೊದಲು, ಕಲೆ ಆಮೇಲೆ

ಇದಕ್ಕೆಲ್ಲ ಮುಂಚಿನ ಒಂದು ಸಂಗತಿ ಅಳಿಯ ಹೇಳಿದ. ಸೆತೊಉಚಿ ಉತ್ಸವವನ್ನು ನಡೆಸುವ ಫ್ರಾಮ್ ಕಿತಗಾವ ಅವರೇ 2000ದಲ್ಲಿ ನೀಗತ ಪ್ರಾಂತದ ಗುಡ್ಡಗಾಡಿನಲ್ಲಿ ಎಚಿಗೊ-ತ್ಸುಮಾರಿ ಉತ್ಸವ ಶುರು ಮಾಡಿದ್ದು. ಅಲ್ಲಿ ಇಲ್ಯಾ ಮತ್ತು ಎಮಿಲಿಯಾ ಕಬಕೋವ್ ಎಂಬ ಗಂಡ-ಹೆಂಡತಿ ಮೆಟ್ಟಿಲು ಗದ್ದೆಯಲ್ಲಿ ಉಳುವ, ಬಿತ್ತುವ, ನಾಟಿ ಮಾಡುವ, ಕೊಯ್ಯುವ ರೈತರ ಬಣ್ಣದ ಆಕೃತಿಗಳನ್ನು ನಿಲ್ಲಿಸಬೇಕೆಂದರು. ಗದ್ದೆಯ ಯಜಮಾನ ಮೊದಲು ಒಪ್ಪಲಿಲ್ಲ. ವಯಸ್ಸಾಗಿ ಬೇಸಾಯ ಬಿಡುವ ಯೋಚನೆ ಅವರದ್ದು. ಇದು ತಮ್ಮಂಥವರ ದುಡಿಮೆಯ ಬಗ್ಗೆಯೇ ಎಂದು ತಿಳಿದ ಮೇಲೆ ಒಪ್ಪಿದರು. ಆಮೇಲೂ ಕೆಲವು ವರ್ಷ ಆ ಗದ್ದೆ ಮಾಡಿದರು.

ಎಲ್ಲ ಸರಿ ಇದೆಯೇ?

ಇಲ್ಲ. ಮೊದಲನೆಯದಾಗಿ, ಇದರ ಹಿಂದೆ ದೊಡ್ಡ ಕಂಪೆನಿಯ ದುಡ್ಡಿದೆ. ನಮಗೆ ಅಂಥವರು ಸಿಗುವುದಿಲ್ಲ, ಸಿಕ್ಕರೂ ಯಜಮಾನಿಕೆ ಅವರದ್ದಾಗುತ್ತದೆ.

ಎರಡನೆಯದು, ಜನರ ನೂಕುನುಗ್ಗಲು. 2010ರ ಮೊದಲ ಉತ್ಸವಕ್ಕೆ 9.38 ಲಕ್ಷ, 2019ರಲ್ಲಿ ಸುಮಾರು 11.8 ಲಕ್ಷ ಭೇಟಿ ಲೆಕ್ಕ ಸಿಕ್ಕಿತು. ಸಣ್ಣ ಹಡಗು, ಸಣ್ಣ ಬಸ್ಸು. ಆಸ್ಪತ್ರೆಗೆ ಹೊರಟ ಊರಿನವರೇ ಸಾಲಿನಲ್ಲಿ ಕಾಯಬೇಕು ಅಂದರೆ ಯಾರಿಗೆ ಸಿಟ್ಟು ಬರುವುದಿಲ್ಲ?

ಮೂರನೆಯದು, ಜನಸಂಖ್ಯೆ ಇಳಿಯುವುದು ನಿಂತಿಲ್ಲ. ತೆಶಿಮದಲ್ಲಿ ಈಗ ಸಾವಿರ ಜನವೂ ಇಲ್ಲ. ಇಡೀ ಜಪಾನಿನಲ್ಲಿ ರೈತರ ಸರಾಸರಿ ವಯಸ್ಸು 70ರ ಹತ್ತಿರ. 2023ರ ಗಣತಿಯಲ್ಲಿ ಖಾಲಿ ಮನೆಗಳು 90 ಲಕ್ಷ. ಅಕ್ಕಿ ಹೆಚ್ಚಾಯಿತೆಂದು 1970ರ ಸುಮಾರಿಗೆ ಶುರುವಾಗಿ 2018ರ ತನಕ ಸರ್ಕಾರವೇ ಭತ್ತದ ಪ್ರದೇಶ ಕಡಿಮೆ ಮಾಡಿಸಿತು. ಅಷ್ಟು ದೊಡ್ಡ ಇಳಿಜಾರಿಗೆ ಕಲೆ ಅಡ್ಡ ಕಟ್ಟಿದ ಸಣ್ಣ ಬದು, ಅಷ್ಟೇ. ಆದರೆ ಬದು ಇಲ್ಲದಿದ್ದರೆ ಮಣ್ಣು ನಿಲ್ಲುವುದೂ ಇಲ್ಲವಲ್ಲ.

ಹೋಗುವವರಿಗೆ

ಒಸಾಕದಿಂದ ಒಕಯಾಮಕ್ಕೆ ಬುಲೆಟ್ ರೈಲಿನಲ್ಲಿ ಮುಕ್ಕಾಲು ಗಂಟೆ. ಅಲ್ಲಿಂದ ರೈಲಿನಲ್ಲಿ ಉನೊ ಬಂದರು. ಉನೊದಿಂದ ನವೊಶಿಮಕ್ಕೆ ಹಡಗಿನಲ್ಲಿ 20 ನಿಮಿಷ. ಶಿಕೊಕು ಕಡೆಯ ತಕಾಮತ್ಸುವಿನಿಂದಲೂ ಹಡಗಿದೆ, ಸುಮಾರು ಒಂದು ಗಂಟೆ. ಚಿಚು, ತೆಶಿಮ ಮ್ಯೂಸಿಯಂಗೆ ದಿನ, ಹೊತ್ತು ಮೊದಲೇ ಗೊತ್ತು ಮಾಡಿಕೊಳ್ಳಬೇಕು. ಈ ಎರಡೂ ಕಡೆ 15 ವರ್ಷದ ತನಕದ ಮಕ್ಕಳಿಗೆ ಟಿಕೆಟಿಲ್ಲ. ಕೊನೆಯ ಹಡಗು ಸಂಜೆ ಬೇಗ ಹೊರಡುತ್ತದೆ. ಮಂಡಿನೋವಿನವರು ಒಗಿಜಿಮದ ಮೆಟ್ಟಿಲಿಗೆ ತಯಾರಿರಲಿ.

ನಮ್ಮ ಒಂದೂವರೆ ಎಕರೆ

ಜೂನ್‌ನಲ್ಲಿ ಊರಿಗೆ ಬಂದಾಗ ರೆಸಾರ್ಟಿನವರ ಫೋನು ಮತ್ತೆ ಬಂತು. ಈ ಸಲ ನಮ್ಮನೆಯವರೇ “ಒರತೆ ಇರೋ ಮೇಲಿನ ಇಪ್ಪತ್ತು ಗುಂಟೆ ಮಾತು ಬಿಡಿ” ಅಂದರು. ಅದಿಲ್ಲದೆ ಅವರಿಗೂ ಬೇಡ. ಮಾತು ಅಲ್ಲಿಗೆ ಮುಗಿಯಿತು. ಬೆಂಗಳೂರಿನ ಮಗನಿಗೆ ಇದು ಸಮಾಧಾನ ಇಲ್ಲ. ಅವನ ಲೆಕ್ಕವೂ ಸುಳ್ಳಲ್ಲ.

ಮೊದಲು ಮಾಡಿದ್ದು ನೀರಿನ ಕೆಲಸ. ಒರತೆಯ ಹೂಳು ಎತ್ತಿ, ಕಲ್ಲು ಕೂರಿಸಿ, ಮುಚ್ಚಿಹೋಗಿದ್ದ ಕಾಲುವೆ ಬಿಡಿಸಿದೆವು. ಕೆಳಗಿನ ಎರಡು ಮನೆಯವರೂ ಬಂದರು, ನೀರು ಅವರಿಗೂ ಬೇಕಲ್ಲ. ಆಮೇಲೆ ಆ ಇಪ್ಪತ್ತು ಗುಂಟೆಯ ಜೊಂಡು ತೆಗೆದು ಉತ್ತೆವು. ರಾಜಮುಡಿ ಸಸಿಮಡಿ ಹಾಕಿ, ಮೂರು ಮನೆಯವರು ಮುಯ್ಯಾಳಾಗಿ ಸೇರಿ ನಾಟಿ ಮುಗಿಸಿದೆವು. ಕೂಲಿ ಆಳು ಹುಡುಕಲಿಲ್ಲ. ಹಾಡು ಗೊತ್ತಿದ್ದವರು ಒಬ್ಬರೇ ಉಳಿದಿದ್ದರು, ಅವರು ಹಾಡಿದರು. ಅಕ್ಟೋಬರಿನಲ್ಲಿ ಆನೆ ಒಂದು ರಾತ್ರಿ ಬಂತು. ಒಂದು ಮೂಲೆ ತುಳಿದು ಹೋಯಿತು. ಉಳಿದದ್ದನ್ನು ಡಿಸೆಂಬರಿನಲ್ಲಿ ಕೊಯ್ದೆವು. ಮೂರು ಮನೆಗೆ ಹಂಚಿ ನಮ್ಮ ಪಾಲಿಗೆ ಎರಡು ಚೀಲ ಭತ್ತ. ಹಣದ ಲೆಕ್ಕದಲ್ಲಿ ಇದು ನಷ್ಟವೇ. ಹುಲ್ಲು ಹಸುವಿಗಾಯಿತು. ಕೆಳಗಿನ ಬಾವಿಯಲ್ಲಿ ಈ ಸಲ ನೀರು ಹೆಚ್ಚು ದಿನ ಮೇಲೇ ನಿಂತಿದೆ ಎಂದು ಆ ಮನೆಯವರು ಹೇಳುತ್ತಾರೆ. ಇದು ಒಂದೇ ವರ್ಷದ ಮಾತು, ಮಳೆಯೂ ಚೆನ್ನಾಗಿತ್ತು. ಇನ್ನೆರಡು ಬೇಸಿಗೆ ನೋಡಬೇಕು.

ಉಳಿದ ಒಂದು ಎಕರೆ ಇನ್ನೂ ಪಾಳು. ಅದನ್ನು ಏನು ಮಾಡುವುದೆಂದು ತೀರ್ಮಾನ ಆಗಿಲ್ಲ. ನಮ್ಮಂತೆಯೇ ಒರತೆಯ ಗದ್ದೆ ಪಾಳು ಬಿಟ್ಟವರಿಗೆ ಒಂದು ಮಾತು: ಮಾರುವುದು, ಬಿಡುವುದು ನಿಮ್ಮ ಇಷ್ಟ, ಅವರವರ ಕಷ್ಟ ಅವರಿಗೇ ಗೊತ್ತು. ಆದರೆ ಕೊಡುವ ಮೊದಲು ಆ ನೀರು ಕೆಳಗೆ ಯಾರ್‍ಯಾರ ಮನೆ ಮುಟ್ಟುತ್ತದೆ ಎಂದು ಕಾಲುವೆ ಹಿಡಿದು ಒಮ್ಮೆ ನಡೆದು ನೋಡಿ. ಅರ್ಧ ದಿನದ ಕೆಲಸ.